ಫ್ರೀಲ್ಯಾನ್ಸರ್‌ಗಳಿಗೆ ನಾನು ಕರಾರು ಬರೆಯುವ ರೀತಿ

ನಮ್ಮದು ಮೈಸೂರಿನಲ್ಲಿ ಮಕ್ಕಳ ಪುಸ್ತಕ, ಪಾಠದ ವಿಡಿಯೊ ಮಾಡುವ ಸಣ್ಣ ಪಾಲುದಾರಿಕೆ ಸಂಸ್ಥೆ. ಆಫೀಸಿನಲ್ಲಿ ಕೂರುವವರು ಕಡಿಮೆ, ಹೊರಗಿನಿಂದ ಕೆಲಸ ಮಾಡಿಕೊಡುವವರು ಜಾಸ್ತಿ. ಚಿತ್ರ ಬರೆಯುವವರು, ದನಿ ಕೊಡುವವರು, ವಿಡಿಯೊ ಎಡಿಟ್ ಮಾಡುವವರು. ಇವರ ಅಗ್ರಿಮೆಂಟನ್ನು ನಾನೇ ಕನ್ನಡದಲ್ಲಿ ಬರೆದು, ಆಮೇಲೆ ವಕೀಲರಿಗೆ ತೋರಿಸುತ್ತೇನೆ. ನೆಟ್‌ನಲ್ಲಿ ಸಿಗುವ ಅಮೆರಿಕದ ಮಾದರಿಗಳನ್ನು ಮುಟ್ಟುವುದಿಲ್ಲ. ಅಲ್ಲಿನ ಕಾನೂನಿನ ಮಾತು ತುಂಬಿರುತ್ತದೆ, ನಮಗೆ ಬೇಕಾದದ್ದೇ ಇರುವುದಿಲ್ಲ.

ಬರೆಯುವ ಮೊದಲು ನೋಡಿಕೊಳ್ಳುವುದು ಒಂದೇ: ಈ ಮನುಷ್ಯ ನಿಜವಾಗಿ ಹೊರಗಿನವರಾ? ದಿನಾ ಹತ್ತು ಗಂಟೆಗೆ ಬಂದು, ನಮ್ಮ ಕಂಪ್ಯೂಟರಿನಲ್ಲೇ ಕೂತು, ರಜಕ್ಕೆ ನನ್ನನ್ನು ಕೇಳುವ ಎಡಿಟರ್‌ಗೆ 'ಕಾಂಟ್ರ್ಯಾಕ್ಟರ್' ಅಂತ ಹೆಸರಿಟ್ಟರೆ ನಡೆಯುವುದಿಲ್ಲ. ನೌಕರರಿಗೆ ಕಟ್ಟಬೇಕಾದ ಪಿಎಫ್, ಇಎಸ್‌ಐ ರಗಳೆ ಬೇಡ, ಎಲ್ಲರಿಗೂ ಕಾಂಟ್ರ್ಯಾಕ್ಟ್ ಹಾಕೋಣ ಅಂತ ನನ್ನ ಪಾಲುದಾರರು ಒಮ್ಮೆ ಹೇಳಿದ್ದರು. ನಾನು ಅವರಿಗೆ 1973ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಕೇಸಿನ ಕಥೆ ಹೇಳಿದೆ. ಆ ದರ್ಜಿಗಳಿಗೆ ಸಂಬಳ ಇರಲಿಲ್ಲ, ಹೊಲಿದ ಬಟ್ಟೆಯ ಲೆಕ್ಕದಲ್ಲಿ ದುಡ್ಡು. ಆದರೆ ಕೆಲಸ ನಡೆಯುತ್ತಿದ್ದದ್ದು ಅಂಗಡಿಯಲ್ಲಿ, ಅಂಗಡಿಯ ಮಷೀನಿನಲ್ಲಿ. ಹೊಲಿಗೆ ಹೇಳಿದಂತೆ ಬರದಿದ್ದರೆ ಮತ್ತೆ ಹೊಲಿಯಬೇಕಿತ್ತು. ಕೋರ್ಟು ಅವರನ್ನು ನೌಕರರೇ ಎಂದಿತು. ನಮ್ಮ ಎಡಿಟರ್‌ಗೆ ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟೆವು.

ನಿಜವಾಗಿ ಹೊರಗಿನವರಾದರೆ ಪತ್ರದಲ್ಲೂ ಅದು ಕಾಣಬೇಕು. ಕೆಲಸದ ಹೊತ್ತು ಅವರದು, ಲ್ಯಾಪ್‌ಟಾಪ್ ಅವರದು, ಬೇರೆಯವರ ಕೆಲಸವನ್ನೂ ಒಪ್ಪಿಕೊಳ್ಳಬಹುದು, ನಮ್ಮ ಮುಂದಿನ ಕೆಲಸವನ್ನು ಬೇಡ ಅನ್ನಬಹುದು. ಇಷ್ಟನ್ನು ಬರೆದು, ಹಾಗೇ ನಡೆದುಕೊಳ್ಳುತ್ತೇವೆ. ಸಂಜೆ ಆರಕ್ಕೆ ಫೋನ್ ಮಾಡಿ 'ಇವತ್ತು ಎಷ್ಟು ಗಂಟೆ ಕೂತ್ರಿ' ಅಂತ ಕೇಳುವ ಅಭ್ಯಾಸ ನಮ್ಮಲ್ಲಿಲ್ಲ.

ನನ್ನ ಹೊತ್ತೆಲ್ಲಾ ಹೋಗುವುದು ಕೆಲಸದ ವಿವರ ಬರೆಯುವುದರಲ್ಲಿ. 'ಪುಸ್ತಕಕ್ಕೆ ಚಿತ್ರ ಬರೆದುಕೊಡುವುದು' ಅಂತ ಒಂದು ಸಾಲು ಗೀಚಿದರೆ ಜಗಳಕ್ಕೆ ಬಾಗಿಲು ತೆಗೆದ ಹಾಗೆ. ನಾನು ಬರೆಯುವುದು ಹೀಗೆ: 24 ಪುಟ, ಮುಖಪುಟ ಬೇರೆ, ಮೊದಲು ಪೆನ್ಸಿಲ್ ಸ್ಕೆಚ್, ಆಮೇಲೆ ಬಣ್ಣ, ಕೊನೆಗೆ 300 ಡಿಪಿಐನಲ್ಲಿ (ಅಚ್ಚಿಗೆ ಬೇಕಾದಷ್ಟು ಸ್ಪಷ್ಟವಾಗಿ), ಲೇಯರ್‌ಗಳನ್ನು ಅಂದರೆ ಚಿತ್ರದ ಪದರಗಳನ್ನು ಒಂದಾಗಿಸದ ಪಿಎಸ್‌ಡಿ (ಫೋಟೊಶಾಪ್) ಫೈಲು. ಪ್ರತಿ ಹಂತಕ್ಕೂ ತಾರೀಕು, ಪ್ರತಿ ಹಂತಕ್ಕೂ ದುಡ್ಡು. ಶುರುವಿನಲ್ಲಿ 30 ಪರ್ಸೆಂಟ್, ಸ್ಕೆಚ್ ಒಪ್ಪಿದಾಗ 40, ಫೈಲು ಬಂದಾಗ 30. ಮಧ್ಯದಲ್ಲಿ ನಾವೇ ಕೈಬಿಟ್ಟರೆ ಮುಗಿದ ಹಂತದ ದುಡ್ಡು ಪೂರ್ತಿ ಕೊಡಬೇಕು.

ತಿದ್ದುಪಡಿಯ ಷರತ್ತನ್ನು ಅಕ್ಷರಶಃ ಕೊಡುತ್ತೇನೆ, ಬೇಕಾದವರು ಬಳಸಿಕೊಳ್ಳಿ: "ಪೆನ್ಸಿಲ್ ಹಂತದಲ್ಲಿ ಎರಡು ಸಲ, ಬಣ್ಣ ಹಾಕಿದ ಮೇಲೆ ಒಂದು ಸಲ ತಿದ್ದುಪಡಿ ಕೇಳಬಹುದು. ಒಪ್ಪಿದ ಕಥೆಯನ್ನು ಪ್ರಕಾಶಕರು ಬದಲಿಸಿದರೆ ಅದನ್ನು ಹೊಸ ಕೆಲಸವೆಂದು ಎಣಿಸಿ, ಪ್ರತಿ ಚಿತ್ರಕ್ಕೆ ಕೆಳಗೆ ಕಾಣಿಸಿದ ದರ ಕೊಡಬೇಕು. ಏಳು ಕೆಲಸದ ದಿನಗಳಲ್ಲಿ ಪ್ರಕಾಶಕರು ಏನೂ ಹೇಳದಿದ್ದರೆ ಆ ಹಂತ ಒಪ್ಪಿಗೆಯಾಯಿತು ಎಂದರ್ಥ." ಒಂದು ಪುಸ್ತಕದಲ್ಲಿ ಎಲ್ಲ ಬಣ್ಣ ಮುಗಿದ ಮೇಲೆ ಲೇಖಕರು ಮೇಕೆಯನ್ನು ಕರು ಮಾಡಿದರು. ಮೇಕೆ ಇಲ್ಲದ ಪುಟವೇ ಇರಲಿಲ್ಲ! ಚಿತ್ರಕಾರರು ಈ ಷರತ್ತು ತೋರಿಸಿದರು, ನಾವು ದರ ಗುಣಿಸಿ ಕೊಟ್ಟೆವು. ಅಲ್ಲಿಗೆ ಮುಗಿಯಿತು.

ಇನ್ನು ಕಾಪಿರೈಟ್. ದುಡ್ಡು ಕೊಟ್ಟಿದ್ದೇವೆ, ಚಿತ್ರ ನಮ್ಮದು ಅಂತ ಎಷ್ಟೋ ಜನ ನಂಬಿಕೊಂಡಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಸಂಸ್ಥೆಯದು. ಹೊರಗಿನವರು ಬರೆದ ಕಥೆ, ಇಂಥ ಪುಸ್ತಕದ ಚಿತ್ರ ಸಾಮಾನ್ಯವಾಗಿ ಅವರದ್ದೇ ಆಗಿ ಉಳಿಯುತ್ತದೆ, ಬರವಣಿಗೆಯಲ್ಲಿ ಸಹಿ ಹಾಕಿ ವರ್ಗಾಯಿಸುವವರೆಗೂ. ವರ್ಗಾವಣೆಯಲ್ಲಿ ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಊರುದೇಶಕ್ಕೆ ಅಂತ ಹೇಳಬೇಕು. ವರ್ಷ ಹೇಳದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ, ಜಾಗ ಹೇಳದಿದ್ದರೆ ಭಾರತ ಮಾತ್ರ. ನಮ್ಮ ಇ-ಪುಸ್ತಕಗಳನ್ನು ಹೊರದೇಶದ ಕನ್ನಡದ ಮನೆಗಳಲ್ಲೂ ಕೊಳ್ಳುತ್ತಾರೆ, ಹಾಗಾಗಿ 'ಪ್ರಪಂಚದಾದ್ಯಂತ' ಎಂಬ ಮಾತು ಬಿಡುವ ಹಾಗಿಲ್ಲ. ಇನ್ನೊಂದಿದೆ: ವರ್ಗಾಯಿಸಿಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಪತ್ರದಲ್ಲಿ ಬೇರೆ ಥರ ಬರೆಯದಿದ್ದರೆ. ನಮ್ಮಲ್ಲಿ ಕೆಲವು ಪುಸ್ತಕ ಎರಡು ವರ್ಷ ಕಪಾಟಿನಲ್ಲೇ ಇರುತ್ತವೆ, ಅದಕ್ಕೇ ಬರೆಯುತ್ತೇನೆ.

ಪೂರ್ತಿ ಹಣ ಕೈಸೇರಿದ ದಿನದಿಂದ ಹಕ್ಕು ನಮ್ಮದು ಅಂತಲೂ ಸೇರಿಸುತ್ತೇನೆ. ಇದು ನಮಗಿಂತ ಅವರಿಗೆ ಒಳ್ಳೆಯದು, ಗೊತ್ತಿದ್ದೇ ಹಾಕುತ್ತೇನೆ. ಕೆಲವರು ಪೂರ್ತಿ ಹಕ್ಕು ಬಿಟ್ಟುಕೊಡುವುದಿಲ್ಲ. ಅವರ ಬಳಿ ಪುಸ್ತಕ, ಇ-ಪುಸ್ತಕ, ವಿಡಿಯೊ ಇಷ್ಟಕ್ಕೆ ಮಾತ್ರ ಅನುಮತಿ ತೆಗೆದುಕೊಳ್ಳುತ್ತೇವೆ. ಟೀ ಶರ್ಟು, ಕ್ಯಾಲೆಂಡರು ಅವರಿಗೇ ಇರಲಿ. ನಾವೇನು ಟೀ ಶರ್ಟು ಮಾರುತ್ತೇವಾ? ದನಿ ಕೊಡುವವರು ಈಗೀಗ ಹೊಸ ಷರತ್ತು ಕೇಳುತ್ತಿದ್ದಾರೆ: ಅವರ ರೆಕಾರ್ಡಿಂಗ್ ಬಳಸಿ ಕೃತಕ ದನಿ ಮಾಡಬಾರದು. ನ್ಯಾಯವಾದದ್ದೇ, ಎಲ್ಲರಿಗೂ ಹಾಕಿದ್ದೇವೆ.

'ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೇರೆ ಪ್ರಕಾಶಕರಿಗೆ ಬರೆಯಬಾರದು' ಎಂಬ ಸಾಲು ನಮ್ಮಲ್ಲಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಂಥ ತಡೆ ನಿಲ್ಲುವುದಿಲ್ಲ. ಸುಮ್ನೆ ಹೆದರಿಸುವುದಕ್ಕೆ ಬರೆಯುವುದು ನನಗೆ ಇಷ್ಟವಿಲ್ಲ. ಹೊರಬರದ ಕಥೆಯನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಬೇಡಿ ಅಂದರೆ ಸಾಕು.

ದುಡ್ಡಿನ ಭಾಗದಲ್ಲಿ ಹೆಚ್ಚು ಫೋನ್ ಬರುವುದು ಟಿಡಿಎಸ್ ಬಗ್ಗೆ, ಅಂದರೆ ದುಡ್ಡು ಕೊಡುವಾಗಲೇ ನಾವು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. 'ಸರ್, ಅರವತ್ತು ಸಾವಿರ ಹೇಳಿದ್ರಲ್ಲ, ಕಡಿಮೆ ಬಂದಿದೆ?' ಅದಕ್ಕೇ ಪತ್ರದಲ್ಲೇ ಲೆಕ್ಕ ಬಿಡಿಸಿಟ್ಟಿದ್ದೇನೆ: ಬಿಲ್ 60,000, ಟಿಡಿಎಸ್ 10 ಪರ್ಸೆಂಟ್ 6,000, ಬ್ಯಾಂಕಿಗೆ 54,000. ಆ 6,000 ಅವರ ಪ್ಯಾನ್ ಹೆಸರಿನಲ್ಲೇ ಜಮೆಯಾಗುತ್ತದೆ, ರಿಟರ್ನ್ ಹಾಕುವಾಗ ತೆರಿಗೆಗೆ ಹಿಡಿಸಿಕೊಳ್ಳಬಹುದು, ಹೆಚ್ಚಾದರೆ ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ 20 ಪರ್ಸೆಂಟ್ ಹಿಡಿಯಬೇಕಾಗುತ್ತದೆ. ವೃತ್ತಿಪರ ಸೇವೆಗೆ ಕೊಡುವ ದುಡ್ಡು ಒಂದು ಮಿತಿ ದಾಟಿದರೆ ಮಾತ್ರ ಟಿಡಿಎಸ್; ವರ್ಷಕ್ಕೆ 30,000 ಇದ್ದ ಆ ಮಿತಿ 2025ರ ಏಪ್ರಿಲ್‌ನಿಂದ 50,000 ಆಯಿತು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳೂ ಬೇರೆ. ಹಾಗಾಗಿ ಪತ್ರದಲ್ಲಿ ಸೆಕ್ಷನ್ ಹೆಸರಿಸುವುದಿಲ್ಲ, 'ಆಗ ಜಾರಿಯಲ್ಲಿರುವ ಕಾನೂನಿನಂತೆ' ಅಂತ ಬರೆದು ಉದಾಹರಣೆಯನ್ನು ಮಾತ್ರ ಬದಲಿಸುತ್ತೇನೆ. ಜಿಎಸ್‌ಟಿ ನೋಂದಣಿ ಇರುವವರಿಗೆ ದರದ ಮೇಲೆ ಜಿಎಸ್‌ಟಿ ಬೇರೆ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿದ ಫ್ರೀಲ್ಯಾನ್ಸರ್ ಇದ್ದರೆ ಹುಷಾರು. ಪತ್ರದಲ್ಲಿ ಏನೇ ಬರೆದರೂ, ಅವರು ಮಾಡಿಕೊಟ್ಟ ಕೆಲಸವನ್ನು ನಾವು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಲೇಬೇಕು. ಬರೆದ ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 'ನಮಗೆ ಶಾಲೆಯಿಂದ ದುಡ್ಡು ಬಂದ ಮೇಲೆ ನಿಮಗೆ' ಎಂಬ ಮಾತನ್ನು ನಾನು ಯಾವ ಪತ್ರದಲ್ಲೂ ಹಾಕುವುದಿಲ್ಲ.

ಪ್ರತಿ ಪುಸ್ತಕಕ್ಕೂ ಎಲ್ಲವನ್ನೂ ಹೊಸದಾಗಿ ಬರೆಯುವ ಗೋಜಿಲ್ಲ. ಮೊದಲ ಸಲ ಇ-ಸ್ಟಾಂಪ್ ಕಾಗದದ ಮೇಲೆ ಮುಖ್ಯ ಕರಾರು. ಆಮೇಲೆ ಒಂದೊಂದು ಕೆಲಸಕ್ಕೆ ಒಂದು ಪುಟದ ವರ್ಕ್ ಆರ್ಡರ್, ಅದಕ್ಕೆ ಎರಡೂ ಕಡೆಯವರ ಸಹಿ. ಕೃತಿಯ ಹೆಸರು, ಹಕ್ಕು, ತಾರೀಕು, ದರ ಎಲ್ಲಾ ಅದರಲ್ಲಿ. ಸಹಿಗೆ ಮೊದಲು ಪತ್ರವನ್ನು ಮನೆಗೆ ಒಯ್ದು ಓದಲು ಎರಡು ದಿನ ಕೊಡುತ್ತೇನೆ. ಹೆಚ್ಚಿನವರು ಕೇಳುವುದು ಮುಖಪುಟದಲ್ಲಿ ತಮ್ಮ ಹೆಸರು ಎಷ್ಟು ದೊಡ್ಡದಾಗಿರುತ್ತದೆ ಅಂತ. ಅದನ್ನೂ ವರ್ಕ್ ಆರ್ಡರಿನಲ್ಲಿ ಬರೆಯುತ್ತೇವೆ: ಲೇಖಕರ ಹೆಸರಿನಷ್ಟೇ.