ಸರ್ಕಾರ ಹೇಳಿದ್ದು ಖರೇನಾ? ಕಾಗದ ತೆಗೆಸಿ ನೋಡಿ

ಒಮ್ಮೆ ಸುಳ್ಳು ಹೇಳಿದ ಸರ್ಕಾರವನ್ನು ಸುಮ್ನೆ ನಂಬಬಾರದು. ಹಾಗಂತ ಎಲ್ಲಾ ಸುಳ್ಳು ಅಂತ ಕೈಚೆಲ್ಲಿ ಕೂರೋದೂ ತಪ್ಪು. ಒಂದು ಮಾತು ಹಿಡಿದು ಪರೀಕ್ಷೆ ಮಾಡಿ.

ಯಾದಗಿರಿ ಕಡೆಯ ಒಂದು ಊರು ಅಂದುಕೊಳ್ಳಿ. ಜಲ ಜೀವನ್ ಮಿಷನ್‌ನಲ್ಲಿ ಮನೆಮನೆಗೂ ನೀರು ಬಂದಿದೆ ಅಂತ ದಾಖಲೆ ಹೇಳುತ್ತದೆ, ಆದರೆ ನಲ್ಲಿ ತಿರುಗಿಸಿದರೆ ಬರೀ ಗಾಳಿ, ಕೊಡಗಳೆಲ್ಲ ಬೋರ್‌ವೆಲ್ ಮುಂದೆ ಸಾಲಾಗಿ ಕೂತಿವೆ. ಯೋಜನೆ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ನೀರು ಬಂದ ದಿನ, ಹೊತ್ತು, ಎಷ್ಟು ಕೊಡ ಅಂತ ಬರೆದಿಡಿ. ಆಮೇಲೆ ಪಂಚಾಯಿತಿಗೆ ಹೋಗಿ ಗ್ರಾಮಸಭೆ ಠರಾವು ಕೇಳಿ. ಊರಿಗೆಲ್ಲ ನೀರು ಬಂತು ಅಂತ ಪ್ರಮಾಣಪತ್ರ ಸಿಗೋಕೆ ಅದು ಬೇಕೇ ಬೇಕು. ಯಾರು ಸಹಿ ಹಾಕಿದ್ದಾರೆ ನೋಡಿ.

ಕೊಡಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅಲ್ವಾ? ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಕಾರಣ ಹೇಳಬೇಕಾಗಿಲ್ಲ. "ನೀರು ಯಾಕೆ ಬರಲ್ಲ" ಅಂತ ಬರೆಯಬೇಡಿ, ಹಾರಿಕೆ ಉತ್ತರ ಬರುತ್ತದೆ. ಠರಾವು, ಬಿಲ್, ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡೋ ಪುಸ್ತಕ) ನಕಲು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ. ಎರಡನೇ ಮೇಲ್ಮನವಿ ಮಾಹಿತಿ ಆಯೋಗಕ್ಕೆ, ಅದರ ಪೀಠ ಕಲಬುರಗಿಯಲ್ಲೇ ಇದೆ.

ನಕಲು ಕೈಗೆ ಬಂದ ಮೇಲೆ ಮುಂದಿನ ಗ್ರಾಮಸಭೆಯಲ್ಲಿ ಜೋರಾಗಿ ಓದಿ, ನಡಾವಳಿಯಲ್ಲಿ ಬರೆಸಿ.