ನೈರೋಬಿಯ ಗೆಳೆಯರ ಮನೆಯಿಂದ ತ್ಸಾವೋ ಕಾಡಿಗೆ, ಡಿಯಾನಿ ಕಡಲಿಗೆ: ಮಕ್ಕಳೊಂದಿಗೆ ಹೊರಡುವವರಿಗೆ

ಕೀನ್ಯಾದಲ್ಲಿ ಕೆಲಸಕ್ಕಿರುವ ಗೆಳೆಯರು ಮನೆಗೆ ಕರೆದರೆ ಉಳಿತಾಯವಾಗುವುದು ನೈರೋಬಿಯ ಹೋಟೆಲ್ ಬಾಡಿಗೆ ಮಾತ್ರ. ದೊಡ್ಡ ಖರ್ಚು ಪಾರ್ಕ್ ಶುಲ್ಕ ಮತ್ತು ಸಫಾರಿ ಗಾಡಿಯದು. ಪಾರ್ಕ್‌ಗಳಲ್ಲಿ ಅಲ್ಲಿನ ನಿವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಅದರ ಎಷ್ಟೋ ಪಟ್ಟು ಇನ್ನೊಂದು ದರ. ಗೆಳೆಯರು ನಿವಾಸಿ ಗುರುತಿನ ಚೀಟಿ ತೋರಿಸಿ ಕಡಿಮೆ ಕೊಡುತ್ತಾರೆ. ಅದೇ ಗಾಡಿಯಲ್ಲಿ ಕೂತ ನಿಮಗೆ ಆ ದರ ಸಿಗದು. ಹಾಗಾಗಿ ಲೆಕ್ಕವನ್ನು ಮೊದಲೇ ತಲೆವಾರು ಬೇರೆ ಮಾಡಿ. ಗೇಟಿನ ಮುಂದೆ ನಿಂತು ಮಾಡುವ ಲೆಕ್ಕ ಸ್ನೇಹಕ್ಕೆ ಒಳ್ಳೆಯದಲ್ಲ.

ಎಲ್ಲರೂ ಮೊದಲು ಹೇಳುವ ಹೆಸರು ಮಸಾಯಿ ಮಾರಾ. ಜುಲೈನಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವುದನ್ನು ನೋಡಲೇಬೇಕೆಂದರೆ ಅಲ್ಲಿಗೇ ಹೋಗಬೇಕು. ಆದರೆ ಮಾರಾ ಇರುವುದು ನೈರೋಬಿಯ ಪಶ್ಚಿಮಕ್ಕೆ, ಗಾಡಿಯಲ್ಲಿ ಐದಾರು ಗಂಟೆ. ಕಡಲು ಇರುವುದು ಪೂರ್ವಕ್ಕೆ. ಮಧ್ಯೆ ಮತ್ತೆ ನೈರೋಬಿಗೆ ಬರಬೇಕು. ಮಾರಾದ ಪ್ರವೇಶ ಶುಲ್ಕ ಜುಲೈನಿಂದ ಡಿಸೆಂಬರ್‌ವರೆಗೆ ಹೊರದೇಶದ ವಯಸ್ಕರಿಗೆ ದಿನಕ್ಕೆ 200 ಡಾಲರ್, ಉಳಿದ ತಿಂಗಳಲ್ಲಿ 100. ಹತ್ತು ದಿನದ ರಜೆ, ಜೊತೆಗೆ ಸಣ್ಣ ಮಕ್ಕಳು ಎಂದರೆ ತ್ಸಾವೋ ಈಸ್ಟ್ ರಾಷ್ಟ್ರೀಯ ಉದ್ಯಾನ ಮೇಲು. ಅದು ಮೊಂಬಾಸಾ ರೈಲು ದಾರಿಯಲ್ಲೇ ಇದೆ.

ನೈರೋಬಿ-ಮೊಂಬಾಸಾ ರೈಲು ಸೇವೆಯ ಹೆಸರು ಮದರಾಕಾ ಎಕ್ಸ್‌ಪ್ರೆಸ್. ಅದು ಹೊರಡುವುದು ನೈರೋಬಿ ಊರೊಳಗಿಂದಲ್ಲ, ಸ್ಯೋಕಿಮಾವು ಬಳಿಯ ಟರ್ಮಿನಸ್‌ನಿಂದ. ತ್ಸಾವೋ ಈಸ್ಟ್‌ಗೆ ಇಳಿಯಬೇಕಾದ ವೋಯ್ ನಿಲ್ದಾಣದಲ್ಲಿ ನಿಲ್ಲುವುದು ಅದರ ಬೆಳಗಿನ ಇಂಟರ್‌ಕೌಂಟಿ ರೈಲು, ಅಂದರೆ ದಾರಿಯ ಊರುಗಳಲ್ಲಿ ನಿಲ್ಲುತ್ತ ಹೋಗುವ ರೈಲು. ಎಕ್ಸ್‌ಪ್ರೆಸ್ ರೈಲುಗಳು ನೇರ ಮೊಂಬಾಸಾಕ್ಕೆ ಓಡುತ್ತವೆ. ಟಿಕೆಟ್ ಕೊಳ್ಳುವಾಗ ಇದನ್ನು ಗಮನಿಸದಿದ್ದರೆ ಕಾಡು ಕಿಟಕಿಯಾಚೆಯೇ ಮುಗಿದುಹೋಗುತ್ತದೆ. ನಿಲ್ದಾಣದಲ್ಲಿ ಬ್ಯಾಗುಗಳನ್ನು ಸಾಲಾಗಿಟ್ಟು ನಾಯಿಯಿಂದ ಮೂಸಿಸುತ್ತಾರೆ, ಆಮೇಲೆ ಸ್ಕ್ಯಾನ್ ಇರುತ್ತದೆ. ಒಂದು ಗಂಟೆ ಮೊದಲೇ ಅಲ್ಲಿರಿ. ನೈರೋಬಿಯ ಬೆಳಗಿನ ಟ್ರಾಫಿಕ್ಕಿಗೆ ಬೇರೆಯೇ ಸಮಯ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಕೈಯಲ್ಲಿರಲಿ.

ವೋಯ್‌ನಲ್ಲಿ ಇಳಿಯುವ ಹೊತ್ತಿಗೆ ಗಾಡಿ ಬಂದು ಕಾದಿರುವಂತೆ ಲಾಡ್ಜ್‌ಗೆ ಹೇಳಿ. ಚಾವಣಿ ಮೇಲೆತ್ತುವ ಗಾಡಿಯೇ ಬೇಕು. ಮಕ್ಕಳು ಸೀಟಿನ ಮೇಲೆ ನಿಂತು ನೋಡಬಹುದು, ಕಿಟಕಿಗಾಗಿ ಜಗಳ ಇರದು. ಎರಡು ರಾತ್ರಿ ಸಾಕು. ಬೆಳಿಗ್ಗೆ ಆರಕ್ಕೆ ಒಂದು ಸುತ್ತು, ಸಂಜೆ ನಾಲ್ಕಕ್ಕೆ ಇನ್ನೊಂದು. ಮಧ್ಯಾಹ್ನ ಸಿಂಹಗಳು ಪೊದೆಯಡಿ ಮಲಗುತ್ತವೆ, ಮಕ್ಕಳಿಗೂ ಮಲಗಲು ಬಿಡಿ. ಇಡೀ ದಿನದ ಸಫಾರಿ ಮಾಡಿಸಿದರೆ ಮೂರನೇ ಗಂಟೆಗೆ ಅವರಿಗೆ ಆನೆಯೂ ಬೇಡ, ಜಿರಾಫೆಯೂ ಬೇಡ. ಇಲ್ಲಿನ ಆನೆಗಳು ಕೆಂಪಗೆ ಕಾಣುವುದು ಕೆಮ್ಮಣ್ಣು ಮೈಗೆ ಎರಚಿಕೊಳ್ಳುವುದರಿಂದ. ಆ ಧೂಳು ಕ್ಯಾಮೆರಾಕ್ಕೂ ಮೂಗಿಗೂ ನುಗ್ಗುತ್ತದೆ, ಹತ್ತಿಯ ಟವೆಲ್ ಒಂದೆರಡು ಹೆಚ್ಚಿಗೆ ಇರಲಿ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ. ಪಾರ್ಕ್‌ಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿ 2020ರ ಜೂನ್‌ನಿಂದ ನಿಷಿದ್ಧ. ಪ್ಲಾಸ್ಟಿಕ್ ಕೈಚೀಲಗಳಂತೂ 2017ರಿಂದ ದೇಶದಲ್ಲೇ ನಿಷಿದ್ಧ. ಸೂಟ್‌ಕೇಸಿನಲ್ಲಿ ಚಪ್ಪಲಿ ಸುತ್ತಿದ ಕವರನ್ನೂ ಮನೆಯಲ್ಲೇ ಬಿಟ್ಟುಬನ್ನಿ.

ಕಾಡು ಮೊದಲು, ಕಡಲು ಕೊನೆಗೆ ಇಡಿ. ನಸುಕಿನಲ್ಲಿ ಎದ್ದೆದ್ದು ದಣಿದವರಿಗೆ ಆಮೇಲೆ ಏನೂ ಮಾಡದ ದಿನಗಳು ಬೇಕು. ಮೊಂಬಾಸಾ ಊರು ದ್ವೀಪದ ಮೇಲಿದೆ, ಡಿಯಾನಿ ಅದರ ದಕ್ಷಿಣಕ್ಕೆ, ನೀರಿನಾಚೆಯ ಕರಾವಳಿಯಲ್ಲಿದೆ. ಊರೊಳಗೆ ಹೋದರೆ ಲಿಕೋನಿ ಫೆರಿಯ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ. ಡೋಂಗೊ ಕುಂಡು ಬೈಪಾಸ್ ಹಿಡಿಯಲು ಚಾಲಕನಿಗೆ ಹೊರಡುವಾಗಲೇ ಹೇಳಿ.

ಡಿಯಾನಿಯಲ್ಲಿ ದಿನ ಗೊತ್ತುಮಾಡುವುದು ಗಡಿಯಾರವಲ್ಲ, ಉಬ್ಬರ-ಇಳಿತ. ದೂರದಲ್ಲಿ ಹವಳದ ದಿಬ್ಬವೊಂದು ದೊಡ್ಡ ಅಲೆಗಳನ್ನು ತಡೆಯುತ್ತದೆ, ಒಳಗಿನ ನೀರು ಶಾಂತ. ಇಳಿತದಲ್ಲಿ ಆ ನೀರು ಮೊಣಕಾಲಿಗೂ ಬರದು, ಉಬ್ಬರದಲ್ಲಿ ಕೆಲವೆಡೆ ಮರಳೇ ಕಾಣದು. ಮೊಂಬಾಸಾದ ಟೈಡ್ ಟೇಬಲ್ (ಉಬ್ಬರ-ಇಳಿತದ ವೇಳಾಪಟ್ಟಿ) ನೋಡಿ, ಉಬ್ಬರದ ಹಿಂದುಮುಂದಿನ ಎರಡು ಗಂಟೆ ಈಜಿಗೆ ಇಟ್ಟುಕೊಳ್ಳಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಅತಿ ಹೆಚ್ಚು. ಇಳಿತದಲ್ಲಿ ನಡೆಯುವಾಗ ಕಾಲಿಗೆ ರಬ್ಬರ್ ಶೂ ಹಾಕಿ. ಕರಿ ಸೀ ಅರ್ಚಿನ್ ಎಂಬ ಕಡಲ ಜೀವಿಯ ಮುಳ್ಳು ಚುಚ್ಚಿದರೆ ಒಳಗೇ ಮುರಿಯುತ್ತದೆ. ಸಮಭಾಜಕದಿಂದ ನಾಲ್ಕೇ ಡಿಗ್ರಿ ದಕ್ಷಿಣ, ಸನ್‌ಸ್ಕ್ರೀನ್ ಹಚ್ಚಿದರೂ ಮಕ್ಕಳಿಗೆ ತುಂಬುತೋಳಿನ ಈಜಂಗಿ ಬೇಕು. ಏಪ್ರಿಲ್-ಮೇ ಮಳೆಯಲ್ಲಿ ಹೋಗಬೇಡಿ. ಕೋತಿಗಳಿಗೆ ತಿಂಡಿ ಕೊಡಬೇಡಿ, ಬಾಲ್ಕನಿ ಬಾಗಿಲು ತೆರೆದಿಡಬೇಡಿ. ಚಿಪ್ಪು, ಹವಳ ಯಾರೇ ಮಾರಿದರೂ ಕೊಳ್ಳಬೇಡಿ. ಸ್ಕೂಬಾ ಮಾಡಿದವರು ವಿಮಾನಕ್ಕೆ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು.

ಇನ್ನು ಕಾಗದಪತ್ರ. 2024ರಿಂದ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಬಂದಿದೆ. ಕೈಗೂಸಿಗೂ ಬೇರೆ ಅರ್ಜಿ. ಉಳಿಯುವ ಜಾಗಕ್ಕೆ ಹೋಟೆಲ್ ಬುಕಿಂಗ್ ಇಲ್ಲದವರು ಗೆಳೆಯರಿಂದ ಆಹ್ವಾನ ಪತ್ರ, ಅವರ ಗುರುತಿನ ಚೀಟಿಯ ಪ್ರತಿ ತರಿಸಿಕೊಂಡಿರಿ. ಅಸಲಿಯಂತೆಯೇ ಕಾಣುವ ದಲ್ಲಾಳಿ ವೆಬ್‌ಸೈಟ್‌ಗಳು ಹೆಚ್ಚು ಹಣ ಕೀಳುತ್ತವೆ, ಸರ್ಕಾರದ ತಾಣವನ್ನೇ ಹುಡುಕಿ. ಭಾರತಕ್ಕೆ ಮರಳುವವರಿಗೆ ಯೆಲ್ಲೋ ಫೀವರ್ ಲಸಿಕೆಯ ಪ್ರಮಾಣಪತ್ರ ಬೇಕು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದು ಊರ್ಜಿತ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್ ಆಗಬಹುದು. ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಹಾಕುವುದರಿಂದ ಕೊನೆಯ ವಾರಕ್ಕೆ ಬಿಡಬೇಡಿ.

ಮಲೇರಿಯಾ ವಿಷಯದಲ್ಲಿ ಗೆಳೆಯರ ಮಾತು ಕೇಳಬೇಡಿ. ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದ ನೈರೋಬಿಯಲ್ಲಿ ಅಪಾಯ ತೀರಾ ಕಡಿಮೆ. ಅಲ್ಲಿರುವವರು ಮಾತ್ರೆ ನುಂಗುವುದಿಲ್ಲ, ನಿಮಗೂ ಬೇಡ ಅನ್ನುತ್ತಾರೆ. ತ್ಸಾವೋ ಮತ್ತು ಕರಾವಳಿಯಲ್ಲಿ ಅಪಾಯ ನಿಜವಾದದ್ದು. ವೈದ್ಯರು ಮಲೇರಿಯಾ ತಡೆಯುವ ಅಟೊವಕೋನ್-ಪ್ರೊಗ್ವಾನಿಲ್ ಮಾತ್ರೆ ಬರೆದುಕೊಟ್ಟರೆ ಕಾಡಿಗೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಕರಾವಳಿ ಬಿಟ್ಟ ಮೇಲೆ ಏಳು ದಿನ ಮುಂದುವರಿಸಬೇಕು. ಮಕ್ಕಳ ಪ್ರಮಾಣ ತೂಕದ ಮೇಲೆ. ಮನೆ ತಲುಪಿದ ಕೂಡಲೇ ನಿಲ್ಲಿಸುವುದು ಸಾಮಾನ್ಯ ತಪ್ಪು. ಮುಂದಿನ ಕೆಲವು ತಿಂಗಳಲ್ಲಿ ಯಾರಿಗೇ ಜ್ವರ ಬಂದರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಆಫ್ರಿಕಾಕ್ಕೆ ಹೋಗಿದ್ದೆವೆಂದು ಡಾಕ್ಟರಿಗೆ ನೀವಾಗಿಯೇ ಹೇಳಿ.