ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ

ಕೋಲಾರದ ಕಡೆಯ ಇಂಗ್ಲಿಷ್ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಮೇಷ್ಟರು ಟೊಮೆಟೊ ಎತ್ತಿ ಹಿಡಿದು ‘ವಾಟ್ ಈಸ್ ದಿಸ್?’ ಎನ್ನುತ್ತಾರೆ. ಮಕ್ಕಳು ಒಂದೇ ರಾಗದಲ್ಲಿ ‘ಟೊಮೆಟೊ’ ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು. ಟೊಮೆಟೊ ಮಂಡಿಗೆ ಹೆಸರಾದ ಊರಿನ ಮಗುವಿಗೆ ಕೇಳುವ ಪ್ರಶ್ನೆಯೇ ಅದು?

ಮೊದಲು, ನಿಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಆರಿಸಿ: ‘ಹೂ ವೇಕ್ಸ್ ಅಪ್ ಫಸ್ಟ್ ಇನ್ ಯುವರ್ ಹೌಸ್?’ ಗೈಡ್ ಪುಸ್ತಕದ ಪ್ರಶ್ನೆ ಬೇಡ. ಅದರ ಉತ್ತರ ಕೆಳಗೇ ಅಚ್ಚಾಗಿರುತ್ತದೆ. ‘ಅಂಡರ್‌ಸ್ಟುಡ್?’ ಅಂತೂ ಪ್ರಶ್ನೆಯೇ ಅಲ್ಲ. ಅದಕ್ಕೆ ‘ಯೆಸ್ ಸರ್’ ಬಿಟ್ಟು ಬೇರೆ ಉತ್ತರ ನಾನು ಕೇಳಿಲ್ಲ.

ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ.

ಈಗ ಕಾಯಬೇಕು. ಬಹುತೇಕರು ಎಡವುವುದು ಇಲ್ಲೇ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದು ವಿಜ್ಞಾನದ ತರಗತಿಗಳ ಮಾತು. ನಮ್ಮಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಗು ಪ್ರಶ್ನೆಯನ್ನು ಬಿಡಿಸಿಕೊಂಡು, ಉತ್ತರ ಹುಡುಕಿ, ಇಂಗ್ಲಿಷಿನ ಪದ ಜೋಡಿಸಬೇಕು. ಮೂರು ಸೆಕೆಂಡ್ ಎಲ್ಲಿ ಸಾಲುತ್ತದೆ? ನಾನು ಹತ್ತರವರೆಗೆ ಎಣಿಸುತ್ತೇನೆ. ಅಷ್ಟರಲ್ಲಿ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ತಿರುಗಿಸಿ ಕೇಳಬೇಡಿ. ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹೆಸರು ಕರೆದು ಪ್ರಶ್ನೆ ಕೇಳಲೂಬೇಡಿ; ಉಳಿದವರೆಲ್ಲ ನಿರಾಳರಾಗಿ ಕಿಟಕಿಯತ್ತ ನೋಡುತ್ತಾರೆ. ಮುಂದಿನ ಬೆಂಚಿನ ಕೈ ಎದ್ದೇ ಏಳುತ್ತದೆ, ಕಾಣದವರಂತೆ ಇರಿ. ಮೌನ ಸಹಿಸಲಾಗದಿದ್ದರೆ ಡಸ್ಟರ್ ಹಿಡಿದು ಬೋರ್ಡಿನ ಮೂಲೆ ಒರೆಸಿ. ಆಮೇಲೂ ಬಾಯಿ ಬಿಡದಿದ್ದರೆ ಪಕ್ಕದವರಿಗೆ ಪಿಸುಗುಟ್ಟಲು ಅರ್ಧ ನಿಮಿಷ ಕೊಡಿ.

‘ಮೈ ಅಜ್ಜಿ ವೇಕ್ ಅಪ್’ ಎಂದಳು ಒಬ್ಬ ಹುಡುಗಿ. ಇಲ್ಲಿ ‘ವೆರಿ ಗುಡ್, ಸಿಟ್ ಡೌನ್’ ಎಂದಿರೋ, ಬಾಗಿಲು ಹಾಕಿದಂತೆಯೇ. ‘ಓ, ಯುವರ್ ಗ್ರ್ಯಾಂಡ್‌ಮದರ್ ವೇಕ್ಸ್ ಅಪ್ ಫಸ್ಟ್! ವೈ?’ ಎನ್ನಿ. ತಪ್ಪೂ ತಿದ್ದಿತು, ಮಾತೂ ಬೆಳೆಯಿತು.

‘ಕೌ. ಮಿಲ್ಕ್. ಡೈರಿ.’

ಮುಂದಿನ ಪ್ರಶ್ನೆ ನೀವು ಕೇಳಬೇಡಿ, ಹಿಂದಿನ ಬೆಂಚಿಗೆ ದಾಟಿಸಿ. ಅಲ್ಲಿಂದೊಬ್ಬ ಎದ್ದು ‘ಕೌ ನೇಮ್?’ ಎಂದ. ‘ಗೌರಿ’ ಎಂದಳು. ತರಗತಿಯೆಲ್ಲ ನಕ್ಕಿತು. ಆ ಹೊತ್ತಿನಲ್ಲಿ ವ್ಯಾಕರಣ ತೆಗೆಯಬೇಡಿ. ಇನ್ನೊಬ್ಬಳು ಆಗಲೇ ಗೌರಿಯ ಬಣ್ಣ ಕೇಳಲು ಬಾಯಿ ತೆರೆದಿದ್ದಳು.